ಬೂದಿ ಬಾಕಿ

ಆಲಿಕೆ ಸಿಗದಿದ್ರ ನೀರಿನ ಬಾಟ್ಲಿ ಕತ್ತರಿಸು, ಗೌಸಿಯಾ,
ಬಾಯಿ ಕಡೀದು ಇಟ್ಕೊ, ಬುಡ ಒಗಿ.
ಕರುಳು ಅದರ ಕೊರಳಿಗೆ ಏರಿಸಿದರ
ಕುಬಸದ ತೋಳಿನಂಗ ತಾನ ಮಡಚಿ ಕೂಡತೈತಿ.

ಮೊದಲ ತೊಳೀಬೇಕು, ಅದನ್ನೇನು ಹೇಳೋದು.
ಏಳು ನೀರು. ನಾಲ್ಕಕ್ಕ ಸಾಕು ಅನಸತೈತಿ, ಸಾಕಲ್ಲ.
ಒಳಗಿಂದು ಹೊರಗ ಮಾಡು, ಉಪ್ಪು ಹಚ್ಚಿ ತಿಕ್ಕು,
ಮತ್ತ ಹೊರಗಿಂದು ಒಳಗ ಮಾಡು.
ಹಿಂಗ ಮನುಷ್ಯಾರನ್ನೂ ತೊಳಿಯಂಗಿದ್ರ ಅಂತ
ನಮ್ಮ ಹಂಪಮ್ಮ ಪ್ರತಿ ಸಲ ಅಂತಾಳ, ಪ್ರತಿ ಸಲ ತಾನ ನಗತಾಳ.
ಆಕಿ ಮಾತು ಬಿಡು, ನೀ ಕೈ ನಿಲ್ಲಿಸಬ್ಯಾಡ.

ಸಾಮಾನು ಐದು.
ಕಟಗರ ಖಾಜಾಸಾಬ ಶನಿವಾರ ಸಂಜಿಕ ತೆಗೆದಿಡೋ ಖೀಮಾ ಅರ್ಧ ಕಿಲೋ,
ಬೆಳ್ಳುಳ್ಳಿ ಎರಡು ಗಡ್ಡಿ, ಒಣಮೆಣಸಿನಕಾಯಿ, ಉಪ್ಪು,
ಐದನೇದು ನುಚ್ಚು.
ಜರಡಿ ಕೆಳಗ ಉದುರಿದ ಸೋನಾಮಸೂರಿ,
ಚೀಲಕ್ಕ ಹೋಗದ್ದು, ಗುಡಿಸಿದರ ನಮ್ಮದು.
ಕೆಲವ್ರು ಉಳ್ಳಾಗಡ್ಡಿ ಹಾಕ್ತಾರ.
ಉಳ್ಳಾಗಡ್ಡಿ ನೀರು ಬಿಡತೈತಿ. ಹನ್ನೊಂದು ತಾಸಿನ ಅಡಿಗಿಗೆ
ನೀರಿನ ಮ್ಯಾಲ ಭರೋಸಾ ಬ್ಯಾಡ.

ತುಂಬುವಾಗ ಬಿಗಿ ಮಾಡಬ್ಯಾಡ.
ನುಚ್ಚು ಹಿಗ್ಗತೈತಿ, ಜಾಗ ಬಿಡು.
ಗೇಣಿಗೊಂದು ಗಂಟು,
ಚೀಲ ಹೊಲಿಯೋ ದಾರದ್ದು.
ಸುರುಳಿ ಸುತ್ತಿ ಗಡಿಗ್ಯಾಗ ಇಡು, ಮುಚ್ಚಳಕ್ಕ ಜ್ವಾಳದ ಹಿಟ್ಟು ಮೆತ್ತು,
ಬಾ ಈಗ ಹಿಂದಕ್ಕ.

ಬಾಯ್ಲರಿನ ಆಚಿ ಕಡೆ, ಕಾಲುವಿ ದಂಡಿಗೆ
ಗುಡ್ಡಿ ಬಿದ್ದೈತಲ್ಲ ಹೊಟ್ಟಿನ ಬೂದಿ,
ಕಾರಟಗಿಯ ಅಷ್ಟೂ ಭತ್ತದ ಮೈಮ್ಯಾಲಿನ ಅಂಗಿ ಸುಟ್ಟದ್ದು.
ಮ್ಯಾಲ ಬೆಳ್ಳಗ, ಬೆಕ್ಕು ಮಲಗಿದಂಗ.
ಒಳಗ ಮೂರು ದಿನದ ಕೆಂಡ,
ಉರಿ ಇಲ್ಲ, ಹೊಗಿ ಇಲ್ಲ, ಸದ್ದಿಲ್ಲ.
ಸಲಿಕಿಲೆ ತಗ್ಗು ತಗಿ. ನಿಂತಲ್ಲೇ ನಿಂತು ತಗಿ.
ಕಾಲು ಮುಂದ ಇಡಬ್ಯಾಡ, ಗೌಸಿಯಾ.

ಇಲ್ಲಿ ನೋಡು ನನ್ನ ಎಡಗಾಲು.

ಹೊಸಾ ಬಾಯ್ಲರ್ ಕೂಡಿಸಿದ ವರ್ಷ.
ಬೆಳ್ಳಗ ಕಂಡದ್ದು ಆರೇತಿ ಅಂದ್ಕೊಂಡೆ.
ಮೊಣಕಾಲತನ ಇಳೀತು.
ಚಪ್ಪಲಿ ಮೊದಲ ಕರಗಿತು, ಆಮ್ಯಾಲ ನಾ ಕೂಗಿದೆ.
ಗಂಗಾವತಿ ದವಾಖಾನಿಯೊಳಗ ಇಪ್ಪತ್ತೊಂದು ದಿನ,
ಬಾಳಿ ಎಲಿ ಮ್ಯಾಲ ಕಾಲು, ಮ್ಯಾಲ ತಿರುಗೋ ಫ್ಯಾನು.
ಮಾಲಕ ಮುಲಾಮಿನ ರೊಕ್ಕ ಕೊಟ್ಟ, ಕೂಲಿ ಮುರಕೊಂಡ.
ವಹಿಯೊಳಗ ಬರದ: ಗೈರುಹಾಜರಿ.

ಎಲ್ಲಿ ಗೈರು? ಕಾಲು ಇಲ್ಲೇ ಇತ್ತಲ್ಲ.

ನಾನೂ ಲೆಕ್ಕ ಇಟ್ಟೀನಿ.
ಇಪ್ಪತ್ತೊಂದು ದಿನಕ್ಕ ಇಪ್ಪತ್ತೊಂದು ಊಟ
ಈ ಬೂದಿ ನನಗ ಬೇಯಿಸಿ ಕೊಡಬೇಕು.
ಚಾಟಿನ ಮೊಳಿಗೆ ದಾರ ಸುತ್ತೈತಿ, ಎಣಿಸು ಬೇಕಾದ್ರ,
ಹದಿನೇಳು.
ಇವತ್ತಿಂದು ಹದಿನೆಂಟನೇದು.
ಇಪ್ಪತ್ತೊಂದು ಮುಗದ ಮ್ಯಾಲ ಏನು ಅಂತಿ?
ಬಡ್ಡಿ.

ಮುಚ್ಚು. ಇನ್ನ ಅದರ ಕಡೆ ಹೊಳ್ಳಿ ನೋಡಬ್ಯಾಡ.
ವಾಸನಿ ಬಂತು ಅಂತ ಒಂದು ಸಲ ಮುಚ್ಚಳ ತಗದರ
ಒಂದು ತಾಸಿನ ಕಾವು ಹೋತು.
ಹೋದ ವಾರ ನಾನ ತಗದೆ, ಸುಳ್ಳ್ಯಾಕ ಹೇಳ್ಲಿ,
ನುಚ್ಚು ನಡುವ ಹಲ್ಲಿಗೆ ಸಿಗತಿತ್ತು.

ರಾತ್ರಿ ಪಾಳಿ ಅಂದ್ರ ಹಿಂಗ.
ಎಲಿವೇಟರ್ ಗುಡುಗತೈತಿ, ಮೂಗಿನೊಳಗ ತೌಡು,
ಹಂಪಮ್ಮ ಚೀಲದ ಮ್ಯಾಲ ಕುಂತಲ್ಲೇ ಗೊರಕಿ ಹೊಡಿತಾಳ,
ಹಿಂದ ಕತ್ತಲದೊಳಗ ಯಾರೂ ಊದದ ಒಲಿಯೊಂದು
ತನ್ನ ಪಾಡಿಗೆ ತಾ ದುಡಿತೈತಿ.
ನಮಗಿಂತ ನಿಧಾನ. ನಮಗಿಂತ ಛಲೋ.

ಆರು ಹೊಡೀತು. ತಗಿ ಈಗ.
ಹಿಟ್ಟು ಕಲ್ಲಾಗಿರತೈತಿ, ಸಲಿಕಿ ಹಿಡಿಕಿಲೆ ಮೆಲ್ಲಕ ಬಡಿ.
ಮಾರಿ ಹಿಂದ ಸರಸು, ಉಗಿ ಹೋಗಲಿ.
ನೋಡು, ಕಂದು ಬಣ್ಣಕ್ಕ ತಿರುಗ್ಯಾವು, ಒಂದೂ ಒಡದಿಲ್ಲ,
ಗಂಟಿನ ಹತ್ರ ಎಣ್ಣಿ ಹನಿ ನಿಂತೈತಿ.
ಹಂಪಮ್ಮಗ ಎಬ್ಬಿಸು, ಇಲ್ಲಂದ್ರ ವಾರಗಟ್ಲೆ ಬೈತಾಳ.
ರೊಟ್ಟಿ ಬಿಚ್ಚು.

ಇಕ, ಮೊದಲನೇದು ನಿಂದು.
ಸುಡತೈತಿ, ಊದಿಕೊಂಡು ತಿನ್ನು.
ದಾರ ನುಂಗೀಯವ್ವಾ, ಹುಷಾರ್.
ಅದು ನನಗ ಬೇಕು.