ಹದಿನಾಲ್ಕನೇ ಎಲೆ

ಭಾನುವಾರಕ್ಕೊಮ್ಮೆ ಅರ್ಧ ಸುತ್ತು.
ಕಾಲು ಸುತ್ತಲ್ಲ, ಮುಕ್ಕಾಲಲ್ಲ.
ತಪ್ಪಿದರೆ ಎಲೆಗಳು ಬೆಳಕಿಗೆ ಕತ್ತು ಹೊರಳಿಸಿ
ಬೀಸಣಿಗೆಯ ಸಾಲು ಕೆಡುತ್ತದೆ,
ಕೆಟ್ಟರೆ ರಿಪೇರಿಗೆ ವರ್ಷ ಬೇಕು.
ಇದು ಅಪ್ಪನ ಪುಸ್ತಕದ ಮೊದಲ ಪುಟ.

ಚಾಂಗ್‌ಚುನ್‌ನ ಟ್ರಾಮ್ ಚಾಲಕ ಲ್ವಾನ್ ಷುದೆ
ಹಳಿ ಬಿಟ್ಟು ಆಚೀಚೆ ಹೋದವನಲ್ಲ.
ಹೋದದ್ದು ಒಂದೇ ಸಲ:
ಊರಿಗೆ ಊರೇ ಈ ಹೂವಿನ ಹುಚ್ಚು ಹಿಡಿಸಿಕೊಂಡ ವರ್ಷ
ಅಮ್ಮನ ಹೊಲಿಗೆ ಯಂತ್ರ ಮಾರಿ
ಎರಡೆಲೆಯ ಸಸಿಯೊಂದನ್ನು ಕೋಟಿನೊಳಗಿಟ್ಟು ತಂದ.
‘ಭಿಕ್ಷು’ ತಳಿ. ಅಪರೂಪದ್ದು.
ಮಾರನೇ ಬೇಸಿಗೆಗೆ ಬೆಲೆ ಬಿತ್ತು,
ಮೂಲಂಗಿಯ ಪಕ್ಕ ಗುಡ್ಡೆ ಹಾಕಿ ಮಾರಿದರು.
ಅಮ್ಮ ಆಮೇಲೆ ಎಲ್ಲವನ್ನೂ ಕೈಯಲ್ಲೇ ಹೊಲಿದಳು,
ಬಾಯಿ ಹೊಲಿದುಕೊಂಡೇ.

ಸಭ್ಯರ ಸೀತಾಳೆ ಅನ್ನುತ್ತಾರೆ ಇಲ್ಲಿ ಕ್ಲೀವಿಯಾವನ್ನು.
ಸೀತಾಳೆಯಂತೂ ಅಲ್ಲ. ಸಭ್ಯತೆ, ನಾ ಕಾಣೆ.
ಹೊರಗೆ ಸೊನ್ನೆಗಿಂತ ಇಪ್ಪತ್ತೈದು ಕೆಳಗಿರುವಾಗ
ಮನೆಯ ಒಂದೇ ಒಳ್ಳೆಯ ರಜಾಯಿ ಅದಕ್ಕೆ.
ನಾನು ಅಮ್ಮನ ಬೆನ್ನಿಗಂಟಿ ಮಲಗಿ
ಕತ್ತಲಲ್ಲಿ ಅದನ್ನು ಬಯ್ಯುತ್ತಿದ್ದೆ,
ಗೊತ್ತಿದ್ದ ಮೂರೂ ಬೈಗುಳಗಳಿಂದ.

ಈಗ ಅದು ನನ್ನ ಪಾಲಿಗೆ ಬಂದಿದೆ.
ತಮ್ಮ ಗೋಡೆ ಗಡಿಯಾರ ಎತ್ತಿಕೊಂಡ, ಜಾಣ.
ಐದನೇ ಮಹಡಿ, ಉಗಿ ಕೊಳವೆಯ ಒಣ ಶಾಖ.
ಎರಡು ತಿಂಗಳು ನೀರು ಹಾಕಲಿಲ್ಲ ನಾನು.
ಮರೆತೆ ಎಂದು ಎಲ್ಲರಿಗೂ ಹೇಳಿದೆ.
ಸಾಯಲಿಲ್ಲ. ಸೊಕ್ಕಿನ ಬೇರು,
ಒಳಗೇ ಗಂಟು ಕಟ್ಟಿಟ್ಟುಕೊಂಡಿತ್ತು ನೀರನ್ನು.

ವರ್ಷದ ಕೊನೆಗೆ ಧೂಳು ಒರೆಸುವಾಗ ಕಂಡೆ:
ಎಲೆಗಳ ಸಂದಿಯಲ್ಲಿ ಮೊಗ್ಗಿನ ಗೊಂಚಲು,
ಹಲ್ಲು ಕಚ್ಚಿದಂತೆ. ದಂಟು ಏಳುತ್ತಿಲ್ಲ.
ಬಾಣ ಸಿಕ್ಕಿಕೊಂಡಿತು ಅನ್ನುತ್ತಾರೆ ಇದಕ್ಕೆ.
ಕೆಳಮನೆಯ ತಾವ್ ಅಜ್ಜಿ ಕನ್ನಡಕ ಏರಿಸಿ,
“ರಾತ್ರಿಗೆ ಚಳಿ ಸಾಲದು, ಹಗಲಿಗೆ ಸೆಕೆ ಸಾಲದು.
ಎರಡೂ ಒಂದೇ ಆದರೆ ಯಾಕೆ ಎದ್ದೀತು ಅದು?
ನಿಮ್ಮಪ್ಪ ಬರೆದಿಟ್ಟಿರಬೇಕು ನೋಡು” ಎಂದಳು.

ಬರೆದಿಟ್ಟಿದ್ದ. ಮೂವತ್ತೆಂಟು ವರ್ಷದ್ದು,
ಡಿಪೋದ ಲೆಕ್ಕದ ಪುಸ್ತಕಗಳ ಹಿಂಬದಿಯಲ್ಲಿ.
ಕೊಳೆತ ಓಕ್ ಎಲೆ ಎಷ್ಟು, ಮರಳು ಎಷ್ಟು.
ಸುಳಿಗೆ ನೀರು ಬೀಳಬಾರದು; ಅದರ ಕೆಳಗೆ ಎರಡು ಗೆರೆ.
ಪರಾಗ ಸವರಿದ ದಿನ, ಕಾಯಿ ಕೆಂಪಾದ ದಿನ,
ನಡುವೆ ಹತ್ತು ತಿಂಗಳು,
ಅಮ್ಮ ನಮಗೆ ತೆಗೆದುಕೊಂಡದ್ದಕ್ಕಿಂತ ಒಂದು ಹೆಚ್ಚು.

ಹುಡುಕಬೇಕಿದ್ದದ್ದು ಬಾಣದ ಮದ್ದು.
ಬೆರಳು ಮಾತ್ರ ಬೇರೆಲ್ಲೋ ಹೋಯಿತು:
ನನಗೆ ದಡಾರ ಎದ್ದ ವರ್ಷ, ಮಾರ್ಚ್.
“ಹದಿನಾಲ್ಕನೇ ಎಲೆಗೆ ಚುಕ್ಕೆ.
ಕಿಟಕಿಗೆ ಕಂಬಳಿ ಕಟ್ಟಿದೆ. ರಾತ್ರಿ ಮೂರು ಸಲ ಎದ್ದೆ.”
ಅಷ್ಟೇ.
ಬೆಳಕನ್ನು ಅಳೆದು ಅಳೆದು ಕೊಡುತ್ತಿದ್ದವನು
ಗಿಡಕ್ಕೆಂದು ಕಿಟಕಿ ಮುಚ್ಚಿದನೇ?
ತಾವ್ ಅಜ್ಜಿಯನ್ನು ಕೇಳಿದೆ.
ಚುಕ್ಕೆ ಬಂದರೆ ಮುಚ್ಚುವುದೂ ಉಂಟು ಎಂದಳು,
ಸ್ವಲ್ಪ ತಡೆದು, ನನ್ನ ಮುಖ ನೋಡದೆ.

ಮದ್ದು ಮುಂದಿನ ಪುಟದಲ್ಲೇ ಇತ್ತು:
ಉಗುರುಬೆಚ್ಚಗಿನ ನೀರಿಗೆ ಎರಡು ಚಮಚ ಬಿಯರ್.
ಹಗಲು ಕೊಳವೆಯ ಹತ್ತಿರ, ರಾತ್ರಿ ಬಾಲ್ಕನಿಯ ಬಾಗಿಲ ಬಳಿ.
ಎಲೆ ಎಳೆದು ದಾರಿ ಮಾಡಬೇಡ.
ದಿನಕ್ಕೆ ಹತ್ತು ಸಲ ನೋಡಬೇಡ.
ಯಾರಿಗೆ ಬರೆದ ಈ ‘ಬೇಡ’ಗಳನ್ನು?
ನಾವು ಯಾರೂ ಮುಟ್ಟುತ್ತಲೇ ಇರಲಿಲ್ಲ.

ಎರಡು ಚಮಚ ಅದಕ್ಕೆ, ಬಾಟಲಿಯಲ್ಲಿ ಉಳಿದದ್ದು ನನಗೆ.
ಹತ್ತಲ್ಲ, ಇಪ್ಪತ್ತು ಸಲ ನೋಡಿದೆ.

ಹೊಸ ವರ್ಷದ ಹಬ್ಬ ಕಳೆದು ಆರನೇ ದಿನ ಅರಳಿತು.
ದಂಟು ಗಿಡ್ಡ. ಕಚೇರಿ ಬಿಡುವ ಹೊತ್ತಿನ ಟ್ರಾಮಿನಲ್ಲಿ
ನಿಂತವರ ಹಾಗೆ ಎಲೆಗಳ ನಡುವೆ ತುರುಕಿಕೊಂಡು
ಏಳು ಕಿತ್ತಳೆ ಮುಖಗಳು, ಕೆನ್ನೆಗೆ ಕೆನ್ನೆ ಒತ್ತಿ.
ಪ್ರದರ್ಶನಕ್ಕಿಟ್ಟರೆ ತೀರ್ಪುಗಾರರು ನಗುತ್ತಾರೆ.

ಇವತ್ತು ಭಾನುವಾರ.
ಪುಸ್ತಕದ ಕೊನೆಗೆ ಖಾಲಿ ಪುಟಗಳಿವೆ.
ತಾರೀಕು ಹಾಕಿ ಬರೆದೆ: “ಏಳು ಹೂ. ದಂಟು ಗಿಡ್ಡ.”
ಅಕ್ಷರ ಅವನದರಂತೆಯೇ ಎಡಕ್ಕೆ ವಾಲಿತು. ಹಾಳಾಗಲಿ.
ಕುಂಡ ತಿರುಗಿಸಬೇಕು.
ಸಂಜೆಗೆ.
ಹೂವಿನ ಮುಖ ಸದ್ಯ ಕೋಣೆಯ ಕಡೆಗಿದೆ.