ಒಂದ ತಾಟೋ ಎರಡೋ

ಅಕ್ಕಲಕೋಟಿ ಟಾಕೀಜಿನ ಕ್ಯಾಂಟೀನಿನಾಗ
ಹನ್ನೊಂದು ವರ್ಷ ಆತು ನಾ ಭಜಿ ಕರೀಲಿಕ್ಕ ನಿಂತು.
ಪಡದೆ ನನಗ ಕಾಣೂದಿಲ್ಲ.
ನನ್ನ ಒಲಿಗೂ ಅದಕ್ಕೂ ನಡುವ ಒಂದ ಗ್ವಾಡಿ.
ಮಂದಿ ನೋಡತಾರ, ನಾ ಕೇಳತೀನಿ.

ಈಗಿನ ಕೊಲಿ ಸಿನೆಮಾ
ಮರಾಠಿ ಇರಲಿ, ಹಿಂದಿ ಇರಲಿ,
ಎರಡ ವಾರ ತಡಾ ಮಾಡಿ ಬಂದ ಕನ್ನಡ ಇರಲಿ,
ಗ್ವಾಡಿ ಈಚೆ ಎಲ್ಲಾದಕ್ಕೂ ಒಂದ ಭಾಷಾ:
ಹೆಜ್ಜಿ, ಬಾಗಲಾ, ಉಸಿರು.

ಚೊಲೊ ಸಿನೆಮಾ ಹೆಂಗ ಗೊತ್ತಾಗತದ ಅಂದ್ರ
ಒಳಗ ಮುನ್ನೂರು ಮಂದಿ ಕೂತಿರತಾರ,
ಒಬ್ಬರೂ ಕೆಮ್ಮೂದಿಲ್ಲ.
ಬಾಣಲಿ ಎಣ್ಣಿ ಚಿರ್ ಅಂದದ್ದಕ್ಕ
ಮ್ಯಾನೇಜರ್ ಗುಂಡೇರಾಯರು ಓಡಿ ಬಂದು
"ಸಾವಕಾಶ" ಅಂತಾರ.
ಎಣ್ಣಿಗೆ ಹೆಂಗ ಹೇಳ್ಲಿ ಸಾವಕಾಶ?

ಹ್ವಾದ ಚಳಿಗಾಲದಾಗ ಅಂಥಾದ್ದೊಂದು ಬಂದಿತ್ತು.
ಹೆಂಡತಿ ಬಡಸತಾಳ, ಗಂಡ ಉಣ್ಣತಾನ.
ಅಷ್ಟ.
ತಾಟಿನ ಸಪ್ಪಳ, ನೀರು ಸುರುವಿದ ಸಪ್ಪಳ,
"ಇನ್ನೊಂದ ರೊಟ್ಟಿ ಹಾಕ್ಲ್ಯಾ?"
ಆ ಹಾಕ್ಲ್ಯಾ ಅನ್ನೂದರಾಗ
ವಿಷ ಇತ್ತೋ ಮಾಯಾ ಇತ್ತೋ, ತಿಳೀಲಿಲ್ಲ ನೋಡ್ರಿ.
ಬಾಜಾ ಇಲ್ಲ, ಬಜಂತ್ರಿ ಇಲ್ಲ.
ನಾ ಝಾರಿ ಎತ್ತಿ ಹಿಡದಾಕಿ ಹಂಗ ನಿಂತೆ,
ಒಂದು ಘಾಣ ಭಜಿ ಕರಕಾತು.
ಇಂಟರ್ವಲ್ಲಿಗೆ ಬಂದವರು ಕರ್ರನ ಭಜಿ ತಿಂದ್ರು,
ಯಾರೂ ಬೈಲಿಲ್ಲ,
ಚಿಲ್ಲರ ಇಸಗೊಳ್ಳೂದ ಮರತು ಒಳಗ ಹ್ವಾದ್ರು.

ಉಳದ ಸಿನೆಮಾದ ಮಂದಿ ಬ್ಯಾರೆ.
ಚಟ್ನಿ ಕಡಿಮಿ ಅಂತಾರ,
ಎರಡ ರೂಪಾಯಿಗೆ ಜಗಳ ತಗೀತಾರ.
ಅವರದು ತಪ್ಪಲ್ಲ. ಒಳಗ
ಅಂಜಿಕಿ ಬರೂಕಿಂತ ಮೊದಲ ಡೋಲು ಬರತದ:
ಈಗ ಅಂಜ್ರಿ, ಈಗ ಅಂಜ್ರಿ!
ಹೇಳಿಕಳಿಸಿ ಬರೂ ಕಳ್ಳ ಅದೆಂಥಾ ಕಳ್ಳ?
ಕೊಲಿ ಇದ್ದಲ್ಲೆಲ್ಲಾ ಧೋ ಅಂತ ಮಳಿ.
ನಮ್ಮ ತಾಲೂಕಿನಾಗ ಹಂಗಂದ್ರ
ವರ್ಷಕ್ಕ ನಾಕ ದಿನ ಅಷ್ಟ ಕೊಲಿ ಆಗಬೇಕು.
ನಗದ ಪೊಲೀಸ ಸಾಹೇಬ ಒಬ್ಬ ಇರತಾನ,
ಅವನ ಹೆಂಡತಿ ಮೊದಲ ಸತ್ತಿರತಾಳ.
ಪಾಪ, ಆ ಬಡವಿ ಎಷ್ಟ ಸಿನೆಮಾದಾಗ ಸಾಯಬೇಕು!

ಕಡೀಕ ಕೊಲೆಗಾರ ಬಾಯಿ ತಗೀತಾನ.
ಅಪ್ಪ ಹೊಡದದ್ದು, ಸಾಲ್ಯಾಗ ಹುಡುಗೋರು ನಕ್ಕದ್ದು,
ಇಪ್ಪತ್ತ ನಿಮಿಷ.
ಅಷ್ಟರಾಗ ನಂದು ಮರುದಿನದ ಉಳ್ಳಾಗಡ್ಡಿ ಹೆಚ್ಚಿ ಮುಗೀತದ.
ಎರಡ ತಾಸು ಕುಂತು ಹಾಕಿದ ಗಂಟು,
ಬಿಚ್ಚೂ ಪುರಸೊತ್ತಿಲ್ಲ ಅವರಿಗೆ,
ಕತ್ತರಿ ತಗೋತಾರ.

ದುಧನಿ ಕಡೀ ಬಸ್ಸು ಒಂಬತ್ತ ಇಪ್ಪತ್ತಕ್ಕ,
ಸಿನೆಮಾ ಬಿಡೂದು ಒಂಬತ್ತೂವರಿಗೆ.
ಆ ಬಸ್ಸಿನ ಹದಿನೇಳು ಮಂದಿ
ಕೊಲೆಗಾರನ ಮಾರಿ ನೋಡದನ ಓಡತಾರ.
ಮುಂದಿನ ಶುಕ್ರವಾರ ಬಂದು ನನ್ನ ಕೇಳತಾರ:
"ಸುಗಲಾಬಾಯಿ, ಯಾರ ಮಾಡಿದ್ದು?"
ಕೇಳೂಕಿಂತ ಮೊದಲ ತಮ್ಮ ತಮ್ಮ ಲೆಕ್ಕ ಹೇಳತಾರ.
ಕಂಡಕ್ಟರ್ ಸೈಫನ್ ಅಂತಾನ, ಬಾಜೂಮನಿ ಮಾಸ್ತರ.
ಟೇಲರ್ ಕಲ್ಲಪ್ಪ ಅಂತಾನ, ವಕೀಲನ ಅಂಗಿ ಗುಂಡಿ
ಆಮ್ಯಾಲ ಬ್ಯಾರೆ ಇತ್ತು, ಯಾರು ಹಚ್ಚಿದ್ರು ಕೇಳ್ರಿ.
ಬಾಳಿಹಣ್ಣಿನ ನಿಂಬೆವ್ವ: ಯಾರೂ ಮಾಡಿಲ್ಲ,
ಆಕಿ ಸತ್ತೇ ಇಲ್ಲ, ಬೇಸತ್ತು ಹೋಗ್ಯಾಳ.
ದುಧನಿ ಮುಟ್ಟೂದರಾಗ ಹದಿನೇಳು ಕೊಲೆಗಾರರು,
ಒಬ್ಬೊಬ್ಬನೂ ಪಡದೇದಾಗಿನಾಂವಗಿಂತ ಶಾಣ್ಯಾ.

ನಾ ಖರೇ ಹೇಳೂದಿಲ್ಲ.
ಯಾರ ಕೇಳಿದ್ರೂ "ನಿಮ್ಮ ಲೆಕ್ಕ ಬರೋಬ್ಬರಿ" ಅಂತೀನಿ.
ಕಲ್ಲಪ್ಪ ಇನ್ನೊಂದ ಚಹಾ ಹೇಳತಾನ.

ಆ ರೊಟ್ಟಿ ಸಿನೆಮಾದ್ದು ಮಾತ್ರ
ನನಗೂ ಗೊತ್ತಿಲ್ಲ.
ಕಡೀಕ ಮಾತ ಇರಲಿಲ್ಲ ಅದರಾಗ.
ತಾಟು ತೊಳದ ಸಪ್ಪಳ,
ಒಂದ ತಾಟೋ, ಎರಡೋ,
ಗ್ವಾಡಿಗೆ ಕಿವಿ ಹಚ್ಚಿದೆ,
ಎಣಸೂದರಾಗ ದೀಪಾ ಹತ್ತಿದುವು.
ಮಂದಿ ಹೊರಗ ಬಂದ್ರು. ಯಾರನ್ನರ ಕೇಳಬಹುದಿತ್ತು.
ಬಾಣಲಿ ಇಳಿಸಿ, ಕೀಲಿ ಹಾಕಿ ನಡದೆ.

ಮನ್ಯಾಗ ಆ ರಾತ್ರಿ ಉಂಡ ಮ್ಯಾಲ
ನನ್ನ ತಾಟು ತೊಳೀಲಿಕ್ಕ ಕುಂತಾಕಿ
ನಳಾ ಸಣ್ಣಗ ಬಿಟ್ಟೆ,
ಬಾಜೂ ಮನಿಯವರಿಗೆ ಕೇಳಬಾರದಂತ.