ಮೂಗು ಮೇಲಾಗಿ

ಐದನೇ ಸಲ ಇದು, ನಮ್ಮ ಬೀದಿಗೆ.
ಬೆಳಿಗ್ಗೆ ಧ್ವನಿವರ್ಧಕದ ಗಾಡಿ ಬರುವಷ್ಟರಲ್ಲಿ
ಔಷಧಿ ಡಬ್ಬಿ, ಕನ್ನಡಕ, ಬೆಕ್ಕಿನ ಬುಟ್ಟಿ
ಬಾಗಿಲ ಬಳಿ ಸಾಲಾಗಿದ್ದವು.
ಬೆಕ್ಕು ಮಾತ್ರ ಇನ್ನೂ ಕಲಿತಿಲ್ಲ.
ಕಪಾಟಿನ ಮೇಲಿಂದ ಇಳಿಸಲು
ಸಾರ್ಡೀನ್ ಡಬ್ಬಿಯನ್ನೇ ತೆರೆಯಬೇಕಾಯಿತು.

ಈ ಸಲ ಬೀದಿಯಲ್ಲೂ ಅಲ್ಲ, ನನ್ನ ಹಿತ್ತಲಲ್ಲೇ.
ರುಬಾರ್ಬ್ ಮಡಿಯ ಕೆಳಗೆ, ನಾಲ್ಕು ಮೀಟರ್ ಆಳ.
ಎಕೆಹಾರ್ಟ್ ಉಯ್ಯಾಲೆಗೆ ಕಂಬ ಹೊಡೆದ ಜಾಗದಿಂದ
ಒಂದೂವರೆ ಹೆಜ್ಜೆ.
ಎಂಟು ಕಿಲೋ ಸುತ್ತಿಗೆ ಅವನದು.
ಅಡುಗೆಮನೆ ಕಿಟಕಿಯಿಂದ ನಾನೇ ಕೂಗಿದ್ದೆ:
ಇನ್ನೂ ಜೋರಾಗಿ ಹೊಡಿ, ಅಲ್ಲಾಡ್ತಿದೆ.

ಯಾಕೆ ಸಿಡಿಯುವುದಿಲ್ಲ ಕೆಲವು?
ಅಮ್ಮನ ಹತ್ತಿರ ಉತ್ತರವಿತ್ತು: ಪ್ರಾರ್ಥನೆ.
ಪಕ್ಕದ ಮನೆಯವರೂ ಪ್ರಾರ್ಥಿಸಿದ್ದರು,
ಆ ಮನೆಯಿದ್ದಲ್ಲಿ ಈಗ ಬಸ್ ನಿಲ್ಲುತ್ತದೆ.
ಅಮ್ಮನಿಗೆ ಅದನ್ನು ನೆನಪಿಸಲಿಲ್ಲ.

ನನ್ನದೂ ಒಂದು ಉತ್ತರವಿತ್ತು, ಯಾರಿಗೂ ಹೇಳದ್ದು.
ಸಮುದ್ರದಾಚೆ, ಕಾರ್ಖಾನೆಯ ರಾತ್ರಿ ಪಾಳಿಯಲ್ಲಿ
ಒಬ್ಬ ಹುಡುಗಿ. ಚಳಿಗೆ ಮರಗಟ್ಟಿದ ಬೆರಳು.
ಒಂದು ತಿರುಪು, ಅರ್ಧ ಸುತ್ತು ಕಡಿಮೆ.
ಆ ಅರ್ಧ ಸುತ್ತಿನೊಳಗೆ
ನಾನು ಹುಟ್ಟಿದೆ, ಹಲ್ಲು ಬಂತು, ಮದುವೆಯಾಯಿತು,
ಇಬ್ಬರು ಮಕ್ಕಳು ಉಯ್ಯಾಲೆಯಾಡಿದರು.
ಅವಳಿಗೆ ವಿನಿಫ್ರೆಡ್ ಎಂದು ಹೆಸರಿಟ್ಟಿದ್ದೆ.
ಪ್ರತಿ ಡಿಸೆಂಬರಿಗೆ ಅವಳ ಪಾಲಿನದೊಂದು ಮೇಣದಬತ್ತಿ.

ಹಿಂದಿನ ಸಂಜೆ ಯಾನೆಸ್ ಪೇಗಲ್ ಬಂದಿದ್ದ,
ಬಾಂಬು ಬಿಚ್ಚುವ ಕೆಲಸದವನು, ಉಗುರು ಕಚ್ಚುವವನು.
ಬ್ರೆಡ್ ಸುತ್ತಿದ ಕಾಗದದ ಹಿಂದೆ ಗೆರೆ ಎಳೆದ.
ಬಾಲದಲ್ಲೊಂದು ಗಾಜಿನ ಪುಟ್ಟ ಸೀಸೆ,
ಒಳಗೆ ಅಸಿಟೋನ್, ಉಗುರುಬಣ್ಣ ಒರೆಸುತ್ತೀರಲ್ಲ, ಅದೇ.
ಅದರ ಕೆಳಗೆ ಸೆಲ್ಯುಲಾಯ್ಡ್ ಬಿಲ್ಲೆ,
ಅಜ್ಜಿಯರ ಬಾಚಣಿಗೆಯ ಸರಕು.
ಬಿದ್ದಾಗ ಸೀಸೆ ಒಡೆಯಬೇಕು,
ಹನಿ ಇಳಿದು ಬಿಲ್ಲೆಯನ್ನು ತಿನ್ನಬೇಕು, ಮೆಲ್ಲಗೆ,
ಗಂಟೆಗಟ್ಟಲೆ, ದಿನಗಟ್ಟಲೆ,
ನೆಲಮಾಳಿಗೆಯಿಂದ ಜನ ಹೊರಬಂದು
ಸುಟ್ಟ ಕೋಣೆಯಲ್ಲಿ ಪಾತ್ರೆ ಹುಡುಕುವ ತನಕ.

ಆದರೆ ಹಾವೆಲ್ ದಂಡೆಯ ನೆಲ ನಮ್ಮದು.
ಮೇಲೆ ಮೆತ್ತನೆ ಮರಳು, ಕೆಳಗೆ ಗಟ್ಟಿ ಜಲ್ಲಿ.
ಮರಳು ದಾರಿ ಬಿಟ್ಟಿತು, ಜಲ್ಲಿ ಬಿಡಲಿಲ್ಲ.
ಬಾಂಬು ಒಳಗೇ ಹೊರಳಿ
ಮೂಗು ಮೇಲಾಗಿ ನಿಂತಿತು.
ಹನಿ ಇಳಿಯಿತು ನಿಜ,
ಬಿಲ್ಲೆಯಿಂದ ದೂರಕ್ಕೆ.

ಆಗ ವಿನಿಫ್ರೆಡ್ ವಿಷಯ ಬಾಯಿಬಿಟ್ಟೆ, ಮೊದಲ ಸಲ.
ಅವನು ನಗಲಿಲ್ಲ.
ಇಲ್ಲಮ್ಮ, ಅಂದ,
ಅವಳು ಕೆಲಸ ಅಚ್ಚುಕಟ್ಟಾಗೇ ಮಾಡಿದ್ದಾಳೆ.

ಹಾಗಾದರೆ ಠುಸ್ಸಾದದ್ದಲ್ಲವೇ ಇದು?
ಇನ್ನೂ ಆಗಿಲ್ಲ, ಅಷ್ಟೇ. ಆವಿ ತಾಗುತ್ತಾ ತಾಗುತ್ತಾ
ಬಿಲ್ಲೆಗೆ ವಯಸ್ಸಾಗಿದೆ, ಸವೆದಿದೆ, ಯಾವತ್ತು ಬೇಕಾದರೂ...
ನನ್ನ ಸೊಂಟದ ಮೂಳೆಯ ಹಾಗೆ, ಎಂದೆ.
ಅವನು ಪೆನ್ಸಿಲ್ ಜೇಬಿಗಿಟ್ಟ.

ಶಾಲೆಯ ಹಾಲಿನಲ್ಲಿ ಮಡಚು ಮಂಚ, ಬಟಾಣಿ ಸೂಪು.
ಮೂರೂವರೆಗೆ ಸುದ್ದಿ: ಬಿಚ್ಚಲಾಗುತ್ತಿಲ್ಲ,
ಇದ್ದಲ್ಲೇ ಸಿಡಿಸುತ್ತಾರೆ.
ಹುಲ್ಲಿನ ಹೊರೆ ಹೇರಿದರಂತೆ, ಲಾರಿಗಟ್ಟಲೆ.
ನಾಲ್ಕು ಹತ್ತಕ್ಕೆ ಸೂಪಿನ ಮೇಲೆ ಒಂದು ಉಂಗುರ ಮೂಡಿ
ಬಟ್ಟಲಿನ ಅಂಚಿಗೆ ಹೋಗಿ ಮಾಯವಾಯಿತು.
ಸದ್ದು ಆಮೇಲೆ ಬಂತು.
ಯಾರದೋ ಮಗು ಚಪ್ಪಾಳೆ ತಟ್ಟಿತು.

ಮನೆಗೆ ಕಿಟಕಿಗಳಿರಲಿಲ್ಲ. ಉಯ್ಯಾಲೆಯ ಸರಪಳಿ
ಪಕ್ಕದವರ ಚೆರ್ರಿ ಮರದಲ್ಲಿ.
ಹಿತ್ತಲಿನ ಗುಂಡಿಯಲ್ಲಿ ಆಗಲೇ ನೀರೂರುತ್ತಿತ್ತು,
ಸೂರಿನ ದೋಣಿಯಲ್ಲಿ ಒಂದು ರುಬಾರ್ಬ್ ದಂಟು, ಎಲೆ ಸಮೇತ.
ಪರಿಹಾರದ ಅರ್ಜಿಯಲ್ಲಿ
ಗಿಡಗಳಿಗೆ ಅಂಕಣವಿಲ್ಲ.

ಈಗ ಡಿಸೆಂಬರ್.
ಡ್ರಾಯರಿನಲ್ಲಿ ಅವಳ ಬತ್ತಿ, ಹೋದ ವರ್ಷ ಅರ್ಧ ಉರಿದದ್ದು.
ಮೂರು ಸಂಜೆ ತೆಗೆದೆ, ಮತ್ತೆ ಇಟ್ಟೆ.
ಮರಳಿಗೆ ಹಚ್ಚಲೇ? ಜಲ್ಲಿಗೆ?
ಇವತ್ತು ಹಚ್ಚಿದೆ.
ಪಾಳಿ ಮುಗಿಸಿ ಅವಳೂ ನಡೆದಿರಬೇಕಲ್ಲ,
ಬೆಳಕು ಹರಿಯದ ಬೀದಿಯಲ್ಲಿ, ಹಸಿದು,
ಎಷ್ಟು ತೊಳೆದರೂ ಹೋಗದ ಆ ವಾಸನೆಯ
ಬೆರಳುಗಳನ್ನು ಕೋಟಿನೊಳಗೆ ಮುಚ್ಚಿಕೊಂಡು.